ಗುಂಡುಕಲ್ಲು ಗಡ ಹತ್ತಿದ್ದು

ಹಿಮಾಲಯದ ಹುಚ್ಚು ಮೊದಲು ಹಿಡಿದದ್ದು ಮುಕ್ತಾಗೆ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಆಮೇಲಾಮೇಲೆ ಇದನ್ನು ನೆನಪಿಟ್ಟುಕೊಂಡವಳು ಅವಳೊಬ್ಬಳೇ.

ಶಾಲೆಯಲ್ಲಿದ್ದಾಗಲೇ ಹಳೆಯ ಕ್ಯಾಲೆಂಡರಿನಿಂದ ಹಿಮದ ಬೆಟ್ಟದ ಚಿತ್ರ ಹರಿದು ಪುಣೆಯ ಖಡಕಿಯ ಮನೆಯಲ್ಲಿ ತನ್ನ ಹಾಸಿಗೆಯ ಮೇಲಿನ ಗೋಡೆಗೆ ಅಂಟಿಸಿಕೊಂಡವಳು ಅವಳು. ಕಾಲೇಜು ಸೇರಿದ ವಾರವೇ ಟ್ರೆಕ್ಕಿಂಗ್ ಕ್ಲಬ್ಬಿನ ಬಾಗಿಲು ತಟ್ಟಿದವಳೂ ಅವಳೇ. ಒಬ್ಬಳೇ ಹೋಗಲು ನಾಚಿಕೆಯಾಗಿ ಎದುರು ಮನೆಯ ಇಂದೂಳನ್ನು ಎಳೆದುಕೊಂಡು ಹೋದಳು. ತಪ್ಪಾದದ್ದು ಅಲ್ಲೇ.

"ಸುಮ್ನ ನನ್ನ ಸಂಗಾಟ ಬಾ ಲೇ. ಬ್ಯಾಸರಾದ್ರ ಬಿಟ್ಟಬಿಡು," ಎಂದಿದ್ದಳು.

ಇಂದೂಗೆ ಬೇಸರವಾಗಲಿಲ್ಲ.

ಅಲ್ಲಿಯವರೆಗೆ ಮೂರನೇ ಮಹಡಿಗೂ ಲಿಫ್ಟಿಗೆ ಕಾಯುತ್ತಿದ್ದ ಹುಡುಗಿ, ಮೊದಲ ಭಾನುವಾರವೇ ಪರ್ವತಿ ಗುಡ್ಡದ ಮೆಟ್ಟಿಲುಗಳನ್ನು ಅಂಗಡಿಗೆ ಹಾಲು ತರಲು ಹೊರಟವಳಂತೆ ಹತ್ತಿ, ಮೇಲೆ ನಿಂತು ಕಡಲೆಕಾಯಿ ತಿನ್ನುತ್ತಿದ್ದಳು. ಮುಕ್ತಾ ಏದುಸಿರು ಬಿಡುತ್ತ ಬಂದಾಗ ಸಿಪ್ಪೆಯನ್ನಷ್ಟೇ ಕೈಗೆ ಹಾಕಿ ನಕ್ಕಿದ್ದಳು. ಅಂದು ಮುಕ್ತಾಳ ಹೊಟ್ಟೆಯಲ್ಲಿ ಬಿದ್ದ ಕಿಡಿ ಮುಂದೆ ಒಲೆಯೇ ಆಯಿತು.

ಮುಕ್ತಾ ಅಪ್ಪನನ್ನು ಕಾಡಿ ಬೇಡಿ ದುಬಾರಿ ಬೂಟು ಕೊಂಡಳು. ಬೂಟು ಪಳಗಲಿ ಎಂದು ಅಡುಗೆಮನೆ, ಮೊಗಸಾಲೆ ಎಲ್ಲ ಕಡೆ ಅದರಲ್ಲೇ ಓಡಾಡಿದಳು. ಅದು ಪಳಗಲಿಲ್ಲ, ಹಿಮ್ಮಡಿಯನ್ನು ಕಚ್ಚಿತು. ಇಂದೂ ತನ್ನ ಅಣ್ಣ ಪ್ರಣವನ ಹಳೆಯ ಬೂಟಿನೊಳಗೆ ಎರಡು ಜೊತೆ ಕಾಲ್ಚೀಲ ತುರುಕಿಕೊಂಡು ನಡೆದಳು. ಅದು ಅವಳಿಗೆಂದೇ ಹೊಲಿದಂತಿತ್ತು. ಬಿಸಿಲಿಗೆ ಮುಕ್ತಾಳ ಮೂಗಿನ ಸಿಪ್ಪೆ ಸುಲಿಯಿತು. ಇಂದೂಳ ಕೆನ್ನೆ ಕೆಂಪಾಗಿ, ನೋಡಿದವರೆಲ್ಲ "ಏನ್ ಹಚ್ಚೀಯವಾ?" ಎಂದು ಕೇಳುವಂತಾಯಿತು. ಕೊನೆಗೆ ಉಸಿರಿನಲ್ಲೂ ಅದೇ ಕತೆ. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ನೋಡುವ ಪುಟ್ಟ ಯಂತ್ರವೊಂದು ಕ್ಲಬ್ಬಿನಲ್ಲಿತ್ತಲ್ಲ, ಅದು ಇಂದೂಳ ಬೆರಳಿಗೆ ಸದಾ ತೊಂಬತ್ತೊಂಬತ್ತು ತೋರಿಸುತ್ತಿತ್ತು. ಮುಕ್ತಾಗೆ ತೊಂಬತ್ತಾರು. ಒಂದೇ ಕಟ್ಟಡ, ಒಂದೇ ಮಹಡಿ, ಅದೇ ಗಾಳಿ. ಅವಳಿಗೆ ಮಾತ್ರ ಮೂರು ಹೆಚ್ಚು ಹೇಗೆ?

"ಇಂದೂನ್ನ ನೋಡಿ ಕಲೀರಿ," ಎನ್ನುತ್ತಿದ್ದ ಮಾರ್ತಾಂಡ. ಬೆಳಗಾವಿಯವನು, ಎಂಟೆಕ್ ಓದುತ್ತಿದ್ದ, ಕ್ಲಬ್ಬಿನ ಮುಖಂಡ. ಎಲ್ಲರಿಗೂ ಮಾರ್ತಾಂಡಣ್ಣ. "ಹೆಂಗ್ ಹೆಜ್ಜಿ ಇಡ್ತಾಳ ನೋಡ್ರಿ. ಆನಿ ನಡದಂಗ, ಸಾವಕಾಶ."

ಆನೆಯೆಂದು ಕರೆಸಿಕೊಂಡದ್ದಕ್ಕೂ ಮುಕ್ತಾಗೆ ಹೊಟ್ಟೆಯುರಿಯಿತು.

ಜೂನಿನಲ್ಲಿ ಹಿಮಾಚಲದ ಹಂಪ್ತಾ ಪಾಸಿನ ಹಿಮದ ಕಣಿವೆದಾರಿಗೆ ತಂಡ ಹೊರಡುವುದಿತ್ತು. ಹುಡುಗಿಯರಿಗೆ ಒಂದೇ ಟೆಂಟು, ಅದರಲ್ಲಿ ಮೂವರಿಗೆ ಜಾಗ. ಎರಡು ಜಾಗ ಹಿರಿಯ ಹುಡುಗಿಯರ ಪಾಲಾಗಿದ್ದವು. ಉಳಿದ ಒಂದು ಜಾಗಕ್ಕೆ ಇವರಿಬ್ಬರು. ಮೇ ತಿಂಗಳ ಕೊನೆಯ ಭಾನುವಾರ ಬೆನ್ನ ಮೇಲೆ ಎಂಟು ಕಿಲೋ ಹೊತ್ತು ಊರ ಹೊರಗಿನ ಬೆಟ್ಟದ ಕೋಟೆ ಸಿಂಹಗಡವನ್ನು ಮೊದಲು ಹತ್ತಿದವಳಿಗೆ ಆ ಜಾಗ ಎಂದು ಮಾರ್ತಾಂಡ ತೀರ್ಮಾನ ಹೇಳಿದ.

ಈ ಕ್ಲಬ್ಬಿನಲ್ಲಿ ಒಂದು ಪದ್ಧತಿಯಿತ್ತು. ಯಾರೂ ತಮ್ಮ ಚೀಲವನ್ನು ತಾವೇ ತುಂಬುವಂತಿಲ್ಲ. ಪ್ರತಿಯೊಬ್ಬರಿಗೂ ಒಬ್ಬ ಜೋಡಿ, ನಿನ್ನ ಚೀಲ ಜೋಡಿ ತುಂಬಬೇಕು, ಜೋಡಿಯ ಚೀಲ ನೀನು. ಗಡದ ಮೇಲೆ ಮುಟ್ಟುವವರೆಗೆ ಬಿಚ್ಚಿ ನೋಡಬಾರದು. ಹಿಂದೆ ಯಾರೋ ಪುಣ್ಯಾತ್ಮರು ಚೀಲದ ತುಂಬ ತಲೆದಿಂಬು ತುರುಕಿ ಭಾರ ಹೊತ್ತಂತೆ ನಟಿಸಿದ್ದರಂತೆ, ಅದಕ್ಕೇ ಈ ಕಟ್ಟಳೆ. ಮಾರ್ತಾಂಡ ಮಾತ್ರ ಬೇರೆ ಕಾರಣ ಹೇಳುತ್ತಿದ್ದ: "ಮ್ಯಾಲ ಹೋದಮ್ಯಾಲ ನಿನ್ನ ಜೀವ ನಿನ್ನ ಜೋಡಿ ಕೈಯಾಗ ಇರ್ತದ. ಚೀಲಾನೂ ಕೊಡಲಿಕ್ಕೆ ಆಗದವರು ಜೀವ ಹೆಂಗ್ ಕೊಡ್ತೀರಿ?"

ಶನಿವಾರ ಸಂಜೆ ಮುಕ್ತಾ ಇಂದೂಳ ಚೀಲ ತುಂಬಲು ಕೂತಳು. ಅಕ್ಕಿ, ನೀರಿನ ಬಾಟಲಿ, ಹಳೆಯ ಪುಸ್ತಕ. ಕೊಕ್ಕೆಯ ತಕ್ಕಡಿಗೆ ತೂಗು ಹಾಕಿದರೆ ಸರಿಯಾಗಿ ಎಂಟು ಕಿಲೋ. ಅಲ್ಲಿಗೆ ಕೆಲಸ ಮುಗಿಯಬೇಕಿತ್ತು.

ದಿಂಬಿನ ಪಕ್ಕದಲ್ಲಿ ಉಣ್ಣೆಯ ಕಾಲ್ಚೀಲಗಳಿದ್ದವು. ಪುಣೆಯ ಕ್ಯಾಂಪ್ ಪೇಟೆಯ ಅಂಗಡಿಗಳನ್ನೆಲ್ಲ ಸುತ್ತಿ ಆರಿಸಿ ತಂದವು, ಬೂದು ಬಣ್ಣ, ಕೆಂಪು ಅಂಚು. ಹಿಮದ ಮೇಲೆ ಹಾಕಿಕೊಳ್ಳಬೇಕೆಂದು ಬೆಲೆಯ ಚೀಟಿಯನ್ನೂ ಕಿತ್ತಿರಲಿಲ್ಲ. ಮೇ ತಿಂಗಳ ಸೆಖೆಯಲ್ಲಿ ಫ್ಯಾನಿನ ಕೆಳಗೆ ಅವನ್ನು ಹಾಕಿಕೊಂಡು ಕೂತು, ಕಾಲ್ಬೆರಳು ಆಡಿಸಿ, ಮತ್ತೆ ಮಡಿಸಿಡುವುದು ಅವಳ ದಿನದ ಪೂಜೆ. ಆ ಕಾಲ್ಚೀಲಗಳ ಕಡೆಗೊಮ್ಮೆ, ಇಂದೂಳ ಚೀಲದ ಕಡೆಗೊಮ್ಮೆ ನೋಡಿದಳು. ಸೀದಾ ಅಡುಗೆಮನೆಗೆ ಹೋದಳು.

ಮೂಲೆಯಲ್ಲಿ ಒರಳಿತ್ತು. ಅವ್ವ ಅನುಸೂಯಾ ಧಾರವಾಡದಿಂದ ಪುಣೆಗೆ ಬರುವಾಗ ತೊಡೆಯ ಮೇಲಿಟ್ಟುಕೊಂಡು ತಂದ ಪುಟ್ಟ ಒರಳು. ಮಿಕ್ಸರ್ ಇದ್ದರೂ ಶೇಂಗಾ ಚಟ್ನಿ ಅದರಲ್ಲೇ ಆಗಬೇಕು. ಅದರ ಗುಂಡುಕಲ್ಲು ನೋಡಲು ಪುಟ್ಟದು, ಎತ್ತಿದರೆ ಮೊಣಕೈ ನೆಲ ಮುಟ್ಟುವಷ್ಟು ಭಾರ. ಮುಕ್ತಾ ಅದನ್ನು ಟವೆಲ್ಲಿನಲ್ಲಿ ಸುತ್ತಿ ಇಂದೂಳ ಚೀಲದ ನಡುವೆ ಇಳಿಸಿ ಜಿಪ್ ಎಳೆದಳು. ಬೆವರು ಬಂದದ್ದು ಸೆಖೆಗೆ ಎಂದು ತನಗೆ ತಾನೇ ಹೇಳಿಕೊಂಡಳು.

ಮರುದಿನ ಗಡದ ಬುಡದಲ್ಲಿ ಚೀಲಗಳು ಕೈ ಬದಲಾದವು. ಇಂದೂ ತನ್ನದನ್ನು ಬೆನ್ನಿಗೇರಿಸಿ, ಒಮ್ಮೆ ಹಿಂದಕ್ಕೆ ಜೋಲಿ ಹೊಡೆದು, ಸಾವರಿಸಿಕೊಂಡಳು.

"ಏನಾತ?" ಮುಕ್ತಾ ಕೇಳಿದಳು.

"ಏನಿಲ್ಲ. ನಿನ್ನೆ ಎರಡು ರೊಟ್ಟಿ ಹೆಚ್ಚಿಗಿ ತಿಂದೇನಿ, ನಡಿ."

ಮುಕ್ತಾಳ ಬೆನ್ನಿನ ಚೀಲವಾದರೋ ಮಗುವಿನಂತೆ ಕೂತಿತ್ತು. ಭಾರವೆಲ್ಲ ಭುಜದ ಹತ್ತಿರ, ಬೆನ್ನಿಗೆ ತಾಗುವ ಕಡೆ ಮೆತ್ತಗೆ ಮಡಿಸಿದ ಚಾದರ. ಹೊರಗಿನ ಜೇಬಿನಲ್ಲಿ ಹಿಮ್ಮಡಿಗೆಂದು ಪಟ್ಟಿಗಳನ್ನೂ ಇಂದೂ ಇಟ್ಟಿದ್ದಳು. ಮುಕ್ತಾ ಅವನ್ನು ನೋಡಿಯೂ ನೋಡದಂತೆ ನಡೆದಳು.

ಅರ್ಧ ದಾರಿಗೆ ಮಜ್ಜಿಗೆ ಮಾರುವ ಹೆಂಗಸಿನ ಗುಡಿಸಲು ಬಂದಾಗ ಹಿಂದಿರುಗಿ ನೋಡಿದಳು. ಇಂದೂ ಒಂದು ತಿರುವು ಕೆಳಗಿದ್ದಳು, ಮೊಣಕಾಲಿಗೆ ಕೈ ಊರಿ ನಿಂತಿದ್ದಳು. ಇಷ್ಟು ತಿಂಗಳಲ್ಲಿ ಮುಕ್ತಾ ಅವಳ ನೆತ್ತಿಯನ್ನು ಮೇಲಿನಿಂದ ನೋಡಿದ್ದು ಅದೇ ಮೊದಲು. ಎಂಥ ಸುಖ ಅದು. ಕಚ್ಚುವ ಬೂಟೂ ಕಚ್ಚುವುದನ್ನು ಮರೆಯಿತು.

"ಚಲಾ, ಚಲಾ, ಥೋಡಂಚ್ ರಾಹಿಲಂಯ್," ಎಂದು ಇಳಿದು ಬರುತ್ತಿದ್ದ ಅಜ್ಜನೊಬ್ಬ, ಇನ್ನು ಸ್ವಲ್ಪವೇ ಉಳಿದಿದೆಯೆಂದು ಮರಾಠಿಯಲ್ಲಿ ಹುರಿದುಂಬಿಸಿದ. ಮುಕ್ತಾ ಓಡಿದಂತೆಯೇ ಹತ್ತಿದಳು. ಗಡದ ಬಾಗಿಲಲ್ಲಿ ಮಾರ್ತಾಂಡ ಕೈ ಎತ್ತಿ, "ಶಾಬಾಸ್ ಮುಕ್ತಾ. ಇವತ್ತ ಏನ್ ತಿಂದ್ ಬಂದೀ?" ಎಂದ. ಆ ಮಾತನ್ನು ಅವಳು ಬಾಯಲ್ಲಿ ಬೆಲ್ಲದಂತೆ ಇಟ್ಟುಕೊಂಡು ಕೂತಳು.

ಬೆಲ್ಲ ಕರಗುವಷ್ಟರಲ್ಲಿ ಇಂದೂ ಬಂದೇಬಿಟ್ಟಳು. ತೀರ ಹಿಂದೇನೂ ಉಳಿದಿರಲಿಲ್ಲ. ಅಂಗಿ ತೊಯ್ದು ತೊಪ್ಪೆಯಾಗಿತ್ತು, ತುಟಿ ಬೆಳ್ಳಗಾಗಿತ್ತು. ಚೀಲವನ್ನು ಕೆಳಗಿಳಿಸಿದ ಸದ್ದಿಗೆ ಮಾರ್ತಾಂಡ ತಿರುಗಿದ.

"ಏನದು? ಧಪ್ ಅಂತಲ್ಲ."

ಅವನು ಅಂದು ತಕ್ಕಡಿ ತಂದಿದ್ದ. ಎಂದೂ ತರದವನು ಅಂದೇ ತಂದಿದ್ದ. ಮುಕ್ತಾಳ ಚೀಲ ಕೊಕ್ಕೆಗೆ ಹಾಕಿದ, ಎಂಟು. ಇಂದೂಳದು ಹಾಕಿದ. ಹುಬ್ಬು ಗಂಟಾಯಿತು. ಇಳಿಸಿ ಮತ್ತೆ ಹಾಕಿದ. ಆಮೇಲೆ ಜಿಪ್ ಎಳೆದು ಕೈ ತೂರಿಸಿ, ಟವೆಲ್ಲಿನ ಗಂಟು ಹೊರತೆಗೆದು ಬಿಚ್ಚಿದ.

ಗಡದ ಬಿಸಿಲಿಗೆ ಗುಂಡುಕಲ್ಲು ಕರ್‍ರಗೆ ಹೊಳೆಯಿತು. ಒಂದು ಬದಿಗೆ ಶೇಂಗಾಪುಡಿ ಇನ್ನೂ ಮೆತ್ತಿಕೊಂಡಿತ್ತು.

ಅಷ್ಟರಲ್ಲೇ ಮುಕ್ತಾಳ ಫೋನು ಬಡಿದುಕೊಂಡಿತು. ಗಡಿಬಿಡಿಯಲ್ಲಿ ಬೆರಳು ಎಲ್ಲಿಗೋ ತಾಗಿ, ಅವ್ವನ ದನಿ ಎಲ್ಲರಿಗೂ ಕೇಳುವಂತೆ ಹೊರಟಿತು.

"ಮುಕ್ತಾ, ಒರಳಿನ ಗುಂಡಕಲ್ಲ ಎಲ್ಲೆ ಇಟ್ಟೀಯವಾ? ಮುಂಜಾನಿಂದ ಹುಡುಕ್ಲಿಕ್ಕತ್ತೇನಿ. ಮನ್ಯಾಗ ಕಲ್ಲಿಗೆ ಕಾಲ ಬಂದಾವೇನು?"

ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಹೂಂ ಮೌಶಿ, ಕಾಲ ಬಂದು ಗಡಾ ಹತ್ತೇದ," ಎಂದು ಯಾರೋ ಕೂಗಿದರು. ಮುಕ್ತಾ ಫೋನು ಕಟ್ ಮಾಡಿದಳು. ಮಾರ್ತಾಂಡ ನಗಲಿಲ್ಲ.

"ಇಂದೂನ ಜೋಡಿ ಯಾರು?"

ಎಲ್ಲರಿಗೂ ಗೊತ್ತಿದ್ದದ್ದನ್ನೇ ಅವನು ಕೇಳಿದ. ಮುಕ್ತಾ ಬಾಯಿ ತೆರೆಯುವ ಮೊದಲೇ ಇಂದೂ ಹೇಳಿದಳು.

"ನಾನ ಹೇಳಿದ್ದೆ ಅಣ್ಣಾ. ಎಂಟು ಕಿಲೋ ನನಗ ಹಗೂರ ಆಗ್ತದ, ಇನ್ನಷ್ಟು ಹಾಕಲೇ ಅಂತ ನಾನ ಹೇಳಿದ್ದೆ."

ಸುಳ್ಳು ಎಷ್ಟು ಸಲೀಸಾಗಿ ಬಂತು. ಅಂದರೆ ಅವಳಿಗೆ ಮೊದಲೇ ಗೊತ್ತಿತ್ತು. ಮೊದಲ ತಿರುವಿನಲ್ಲೇ ಬೆನ್ನಿಗೆ ಗುಂಡಗೆ ಒತ್ತಿದ್ದು ಏನೆಂದು ಗೊತ್ತಾಗದೇನು? ಚಿಕ್ಕಂದಿನಲ್ಲಿ ಇದೇ ಗುಂಡುಕಲ್ಲಿಗೆ ಕುಂಚಿಗೆ ಕಟ್ಟಿ ಇಬ್ಬರೂ ಗೊಂಬೆಯೆಂದು ಆಡಿಸಿದ್ದರು. ಗೊತ್ತಿದ್ದೂ, ದಾರಿಯಲ್ಲಿ ಎಸೆಯದೆ, ಇಲ್ಲಿಯವರೆಗೆ ಹೊತ್ತು ತಂದಿದ್ದಳು.

"ಹೌದೇನು ಮುಕ್ತಾ?" ಮಾರ್ತಾಂಡ ಕೇಳಿದ. ಅವನ ಕಣ್ಣು ಆಗಲೇ ಇಂದೂಳ ಕಡೆ ಮೆಚ್ಚಿಗೆಯಿಂದ ಹೊರಳುತ್ತಿತ್ತು. ಇನ್ನಷ್ಟು ಭಾರ ಕೇಳಿ ಹೊತ್ತವಳು.

'ಹೂಂ' ಅಂದರೆ ಮುಗಿಯಿತು. ಮುಕ್ತಾಳ ಮರ್ಯಾದೆ ಉಳಿಯುತ್ತಿತ್ತು, ಈ ಸಲದ ಜಾಗ ಹೆಚ್ಚು ಭಾರ ಹೊತ್ತವಳಿಗೆ ಹೋದರೂ ಬಹುಶಃ ಮುಂದಿನ ವರ್ಷದ ಜಾಗವೂ. ಆದರೆ ಹೊಟ್ಟೆಯೊಳಗಿನ ಒಲೆ ಧಗ್ಗೆಂದು ಹತ್ತಿಕೊಂಡಿತು. ಉಸಿರು ಅವಳದು, ಕೆನ್ನೆಯ ಕೆಂಪು ಅವಳದು, ಮಾರ್ತಾಂಡಣ್ಣನ ಶಾಬಾಸ್ ಅವಳದು. ಈಗ ತಾನು ಮಾಡಿದ ಪಾಪವನ್ನೂ ಅವಳೇ ಎತ್ತಿಕೊಂಡು ದೊಡ್ಡವಳಾಗಬೇಕೆ? ಇದೊಂದನ್ನಾದರೂ ತನಗೆ ಬಿಡಬಾರದೆ?

"ಇಲ್ಲ," ಎಂದಳು ಮುಕ್ತಾ. "ಆಕಿ ಏನೂ ಹೇಳಿಲ್ಲ. ನಾನ ಹಾಕಿದ್ದು. ಆಕಿ ಹಿಂದ ಉಳೀಲಿ ಅಂತ ಹಾಕಿದ್ದು."

ನಗು ನಿಂತಿತು. ಮಾರ್ತಾಂಡ ಟವೆಲ್ಲಿನಲ್ಲಿ ಕಲ್ಲನ್ನು ಸುತ್ತಿ ಮುಕ್ತಾಳ ಕೈಗಿಟ್ಟ.

"ಇಂದೂ ಬರ್ತಾಳ. ನೀ ಈ ವರ್ಷ ಬ್ಯಾಡ. ಕಲ್ಲ ನೀನ ಇಳಿಸು."

ಇಳಿಯುವ ದಾರಿಯಲ್ಲಿ ಇಂದೂ ಮುಂದೆ ಮುಂದೆ ನಡೆದಳು. ಪುಣೆಗೆ ಮರಳುವ ಸ್ವಾರಗೇಟಿನ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಕೂತಳು. ಮುಕ್ತಾಳ ತೊಡೆಯ ಮೇಲೆ ಗುಂಡುಕಲ್ಲಿತ್ತು. ಬಸ್ಸು ಕುಣಿದಾಗಲೆಲ್ಲ ಅದೂ ಕುಣಿಯಿತು. ಖಡಕವಾಸಲಾ ಅಣೆಕಟ್ಟು ದಾಟಿದ ಮೇಲೆ ಇಂದೂ ತಿರುಗಿದಳು. ಕಣ್ಣು ಕೆಂಪಾಗಿದ್ದವು.

"ಒಂದ ಹೂಂ ಅನ್ನಲಿಕ್ಕೆ ಬರ್ತಿದ್ದಿಲ್ಲ ನಿನಗ?"

"ನೀ ಯಾಕ ಸುಳ್ಳ ಹೇಳಿದಿ?"

"ನೀ ಯಾಕ ಕಲ್ಲ ಹಾಕಿದಿ?"

ಮುಕ್ತಾ ಕಲ್ಲನ್ನು ನೋಡಿದಳು. ಹೇಳುವುದು ಬಹಳ ಇತ್ತು, ತೊಂಬತ್ತೊಂಬತ್ತು, ತೊಂಬತ್ತಾರು, ಕಡಲೆಕಾಯಿಯ ಸಿಪ್ಪೆ. ಬಾಯಿಗೆ ಬಂದದ್ದು ಒಂದೇ.

"ಹಿಮಾಲಯ ನಂದಿತ್ತಲೇ. ನೀ ಬರೇ ನನ್ನ ಸಂಗಾಟ ಬಂದಾಕಿ."

ಇಂದೂ ಮತ್ತೆ ಕಿಟಕಿಯತ್ತ ತಿರುಗುತ್ತ, "ಅದು ಖರೇ ಅದ," ಎಂದಳು. ಸಿಟ್ಟು ಮಾತ್ರ ಇಳಿದಿರಲಿಲ್ಲ. ಮನೆ ಮುಟ್ಟಿದಾಗ ಎದುರುಬದುರಿನ ಎರಡು ಬಾಗಿಲೂ ಒಂದರ ನಂತರ ಒಂದು ಢಬ್ಬೆಂದು ಮುಚ್ಚಿಕೊಂಡವು.

ತಂಡ ಹಿಮಾಚಲಕ್ಕೆ ಹೊರಡುವ ಹಿಂದಿನ ದಿನ ಮಧ್ಯಾಹ್ನ ಇಂದೂ ಬಂದಳು. ಕೈಯಲ್ಲಿ ಖಾಲಿ ಚೀಲ, ಹೆಗಲ ಮೇಲೆ ಸಾಮಾನಿನ ಗಂಟು. ಎರಡನ್ನೂ ಮುಕ್ತಾಳ ಮುಂದೆ ಸುರಿದಳು.

"ತುಂಬು."

"ನಾ ಯಾಕ? ಟೆಂಟಿನಾಗಿನ ಆ ಅಕ್ಕಾರಿಗೆ ಹೇಳು."

"ಜೋಡಿ ಬದಲ ಮಾಡಂಗಿಲ್ಲ. ಪದ್ಧತಿ ಅದ."

ಅಡುಗೆಮನೆಯಲ್ಲಿ ಅವ್ವ ಇಂದೂಗೆಂದೇ ಶೇಂಗಾ ಚಟ್ನಿ ಕುಟ್ಟುತ್ತಿದ್ದಳು. "ಇಂದೂ, ಖಡಕ್ ರೊಟ್ಟೀನೂ ಕಟ್ಟೇನವಾ, ಆ ಥಂಡ್ಯಾಗ ಏನ್ ಸಿಗ್ತದ ಏನ್ ಬಿಡ್ತದ," ಎಂದಳು. ತನ್ನ ಅವ್ವ, ತನ್ನ ಮನೆಯ ಚಟ್ನಿ. ಗುಂಡುಕಲ್ಲು ಏಳುತ್ತ ಬೀಳುತ್ತ ಮುಕ್ತಾಳ ಎದೆಯಲ್ಲೇ ಕುಟ್ಟಿದಂತಾಗುತ್ತಿತ್ತು.

ಇಂದೂ ಬೆನ್ನು ತಿರುಗಿಸಿ ಕೂತಳು, ಮುಕ್ತಾ ತುಂಬಿದಳು. ಬೇಗ ಬೇಕಾಗದ್ದು ತಳಕ್ಕೆ, ಭಾರವಾದದ್ದು ಭುಜದ ಹತ್ತಿರ, ಬೆನ್ನಿಗೆ ಮೆತ್ತನೆಯದು, ಮಳೆಯಂಗಿ ಎಲ್ಲಕ್ಕಿಂತ ಮೇಲೆ. ಇಂದೂಳ ಕಾಲ್ಚೀಲಗಳನ್ನು ಹಿಡಿದು ನೋಡಿದಳು. ಹತ್ತಿಯವು, ಹಿಮ್ಮಡಿ ಸವೆದು ಜಾಳಾಗಿದ್ದವು. ಇವನ್ನು ಹಾಕಿಕೊಂಡು ಹಿಮಕ್ಕೆ ಹೋಗುತ್ತಾಳಂತೆ, ಆನೆ. ಮುಕ್ತಾ ಹಲ್ಲು ಕಚ್ಚಿ ದಿಂಬಿನ ಕಡೆ ಕೈ ಚಾಚಿದಳು. ಚೀಟಿಯನ್ನು ಹಲ್ಲಿನಿಂದ ಕಿತ್ತಳು. ಕೆಂಪು ಅಂಚಿನ ಕಾಲ್ಚೀಲಗಳನ್ನು ಸುರುಳಿ ಸುತ್ತಿ, ಕೈಗೆ ಸಿಗುವಂತೆ ಬದಿಯಲ್ಲಿ ತುರುಕಿ ಜಿಪ್ ಎಳೆದಳು.

ಇಂದೂ ಚೀಲವನ್ನು ಬೆನ್ನಿಗೇರಿಸಿ ಒಮ್ಮೆ ಭುಜ ಕೊಡವಿದಳು. ಚೀಲ ಮಗುವಿನಂತೆ ಕೂತಿತು.

"ಬಿಚ್ಚಿ ನೋಡಂಗಿಲ್ಲೇನು?" ಮುಕ್ತಾ ಕೇಳಿದಳು.

"ಮ್ಯಾಲ ಮುಟ್ಟೂತನಕಾ ನೋಡಬಾರದು." ಇಂದೂ ಬಾಗಿಲಲ್ಲಿ ನಿಂತು ಅಡುಗೆಮನೆಯ ಕಡೆ ಕಿವಿಗೊಟ್ಟಳು. ಕುಟ್ಟುವ ಸದ್ದು ಬರುತ್ತಲೇ ಇತ್ತು. "ಮತ್ತ, ಕಲ್ಲ ಅಲ್ಲೇ ಅದ ಬಿಡು." ತುಟಿಯ ತುದಿಯಲ್ಲಿ ನಗೆ ಬಂದು ಹೋಯಿತು.

ಅವಳು ಹೋದ ಮೇಲೆ ಮುಕ್ತಾ ಹಾಸಿಗೆಯ ಮೇಲೆ ಕೂತು ಗೋಡೆಯ ಬೆಟ್ಟವನ್ನು ನೋಡಿದಳು. ದಿಂಬಿನ ಪಕ್ಕ ಖಾಲಿಯಾಗಿತ್ತು. ಇನ್ನು ಕೆಲವೇ ದಿನ. ಅವು ಆ ಬಿಳಿಯ ಮೇಲೆ ಹೆಜ್ಜೆ ಇಡುತ್ತವೆ, ಬೂದು ಬಣ್ಣದವು, ಕೆಂಪು ಅಂಚಿನವು, ಕ್ಯಾಂಪಿನಲ್ಲಿ ತಾನೇ ಆರಿಸಿ ತಂದವು, ತನ್ನ ಕಾಲಿಲ್ಲದೆ.

ಮುಕ್ತಾಗೆ ತನ್ನ ಕಾಲ್ಚೀಲಗಳ ಮೇಲೂ ಹೊಟ್ಟೆಕಿಚ್ಚಾಯಿತು.