ಉಪವಾಸದ ತಟ್ಟೆ

ಅನುಮಾನ ನನ್ನ ಹುಟ್ಟುಗುಣ. ಬೀಗ ಹಾಕಿದ ಮೇಲೆ ಎರಡು ಸಲ ಎಳೆದು ನೋಡುವವಳು ನಾನು. ಎರಡನೇ ಮಹಡಿಯ ಕಿಟಕಿಗೆ ಚಿಲಕ ಹಾಕಿದೆಯೇ ಎಂದು ನಿಂತು ನೋಡದೆ ಮೂರನೇ ಮಹಡಿಯ ನಮ್ಮ ಪ್ರಯೋಗಾಲಯಕ್ಕೆ ಹತ್ತಿದವಳೇ ಅಲ್ಲ. ಅಲ್ಲಿ ನನಗೆ 'ಪೊಲೀಸಮ್ಮ' ಎಂದೇ ಹೆಸರು.

ಈ ಸಲದ ಅನುಮಾನ ಮೀಸೆಯ ಮೇಲೆ. ಮೀಸೆ ಎಂದರೆ ನನ್ನ ಜೊತೆ ಕೆಲಸ ಮಾಡುವವನು. ಕೋಣೆಯೊಳಗೆ ಅವನಿಗಿಂತ ಮೊದಲು ಅವನ ಮೀಸೆ ಬರುತ್ತದೆ.

ನಾವು ಹುಡುಕುತ್ತಿರುವುದು ನನ್ನ ತಂಗಿಯ ರೋಗಕ್ಕೆ ಔಷಧಿ. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರುವ ರೋಗ ಅದು. ಮೈಯಲ್ಲಿ 'ಬೆಳವಣಿಗೆ ಅಂಶ'ಗಳೆಂಬ ಪ್ರೋಟೀನುಗಳಿರುತ್ತವೆ. ಅವು ಹೇಳಿದಾಗ ಮಾತ್ರ ನಾಳದ ಕೋಶಗಳು ಹೆಚ್ಚಬೇಕು. ಈ ರೋಗದಲ್ಲಿ ಆ ಹೇಳಿಕೆ ನಿಲ್ಲುವುದೇ ಇಲ್ಲ. ಒಳಪದರದ ಕೋಶಗಳು ತಾವೂ ಹೆಚ್ಚಿ, ಪಕ್ಕದ ಸ್ನಾಯುಕೋಶಗಳಿಗೂ ಹೆಚ್ಚಿರೆಂದು ಕಿವಿಯೂದುತ್ತವೆ. ಗೋಡೆ ದಪ್ಪವಾಗಿ ದಾರಿ ಕಿರಿದಾಗುತ್ತದೆ, ರಕ್ತ ನೂಕಿ ನೂಕಿ ಹೃದಯ ಸೋಲುತ್ತದೆ. ತಂಗಿಗೆ ಈಗ ತಲೆ ಬಾಚಿಕೊಂಡರೂ ಏದುಸಿರು.

ರೋಗಿಗಳ ರಕ್ತದಿಂದ ಆ ಒಳಪದರದ ಕೋಶಗಳನ್ನು ತಟ್ಟೆಗಳಲ್ಲಿ ಬೆಳೆಸುತ್ತೇವೆ. ಹೋಲಿಸಿ ನೋಡಲು ಆರೋಗ್ಯವಂತರದ್ದೂ ಬೇಕು. ಅದಕ್ಕೆ ನಮ್ಮವರೇ ತೋಳು ಚಾಚುವುದು ರೂಢಿ. ತಂಗಿಯದು ವಂಶದಿಂದ ಬಂದದ್ದಲ್ಲ ಎಂದು ವೈದ್ಯರು ಹೇಳಿದ್ದರಿಂದ ನಾನೂ ಕೊಟ್ಟೆ. "ನೀನಾದ್ರೂ ಗಟ್ಟಿಯಾಗಿದ್ದೀಯಲ್ಲ, ಅಷ್ಟು ಸಾಕು" ಎನ್ನುತ್ತಾಳೆ ಅಮ್ಮ.

ನೀಲಿ ಚುಕ್ಕೆಯ ತಟ್ಟೆ ನನ್ನದು. ಎಲ್ಲ ತಟ್ಟೆಗಳನ್ನೂ ಬೆಳವಣಿಗೆ ಅಂಶವಿಲ್ಲದ ದ್ರವದಲ್ಲಿ ಉಪವಾಸ ಕೆಡವಿದೆವು. ರೋಗಿಗಳ ಕೋಶಗಳು ಆಗಲೂ ಹೆಚ್ಚುತ್ತವೆ; ಆರೋಗ್ಯವಂತರವು ತೆಪ್ಪಗಿರಬೇಕು. ಉಳಿದವರವು ಹಾಗೇ ಇದ್ದವು. ನನ್ನವು ಮಾತ್ರ ತಟ್ಟೆ ತುಂಬಿಕೊಂಡಿದ್ದವು.

ಯಾರೋ ಕದ್ದು ಉಣಿಸಿದ್ದಾರೆ ಎಂದುಕೊಂಡೆ. ಹೋಲಿಕೆಯ ತಟ್ಟೆಯೇ ಕೆಟ್ಟರೆ ತಂಗಿಯ ಔಷಧಿಯ ಲೆಕ್ಕವೆಲ್ಲ ತಲೆಕೆಳಗು. ನಾನು ಬಳಿಯಿಲ್ಲದಾಗ ಮೀಸೆ ತಟ್ಟೆಗಳನ್ನಿಡುವ ಬಿಸಿಕಪಾಟು ತೆರೆಯುವುದನ್ನು ದೂರದಿಂದ ಕಂಡಿದ್ದೆ. ನಾನು ಒಳಗೆ ಕಾಲಿಟ್ಟರೆ ಅವನೂ ಪ್ರಯೋಗಾಲಯದ ಮುಖ್ಯಸ್ಥೆ ಮೇಡಮ್ಮೂ ಮಾತು ನಿಲ್ಲಿಸುತ್ತಿದ್ದರು. ತಟ್ಟೆ ಮುಟ್ಟಿದ್ದು ಯಾರು ಎಂದು ಸುಮ್ಮನೆ ಕೇಳಿದರೆ, ಕುಂಬಳಕಾಯಿ ಕಳ್ಳನ ಹಾಗೆ ಮೀಸೆ ಹೆಗಲು ಮುಟ್ಟಿಕೊಂಡ.

ಹೊಸ ತಟ್ಟೆ ಹೂಡಿ, ಕಪಾಟಿಗೆ ಬೀಗ ಜಡಿದು, ಬೀಗದ ಕೈಯನ್ನು ಸರಕ್ಕೆ ಕಟ್ಟಿಕೊಂಡೆ. ತೆರೆದಾಗ ನನ್ನ ತಟ್ಟೆ ಮತ್ತೆ ತುಂಬಿತ್ತು.

"ಹೇಗೆ ಮಾಡಿದೆ, ಹೇಳು," ಎಂದೆ ಮೀಸೆಗೆ. "ಇದು ನನ್ನ ತಂಗಿ ಜೀವದ ಮಾತು."

"ನಾನೇನೂ ಮಾಡಿಲ್ಲ ಅಕ್ಕ. ನಿಮ್ಮ ಕೋಶಗಳನ್ನ ನಾನೂ ಬೇರೆ ತಟ್ಟೇಲಿ ಹಾಕಿ ನೋಡ್ತಿದ್ದೆ. ದ್ರವ ಬದಲಾಯಿಸಿದೆ, ಪೈಪೆಟ್ ಬದಲಾಯಿಸಿದೆ. ತಪ್ಪು ನಮ್ಮದೇ ಆಗಿರ್ಲಿ ಅಂತ ಆಸೆ."

"ಮೇಡಂ ಹತ್ರ ಏನು ಗುಸುಗುಸು?"

"ನಿಮಗೆ ಹೇಗೆ ಹೇಳೋದು ಅಂತ."

ಮೊದಲು ನಗು ಬಂತು, ಆಮೇಲೆ ಸಿಟ್ಟು. "ನಾನು ಗುಂಡುಕಲ್ಲಿನ ಹಾಗಿದ್ದೀನಿ," ಎಂದೆ.

ಮೀಸೆ ನೆಲ ನೋಡುತ್ತ ಕೇಳಿದ: "ಅಕ್ಕ, ಆ ಕಿಟಕಿ ಚಿಲಕ... ಮೆಟ್ಟಿಲು ಇಳಿಯೋವಾಗ ಯಾವತ್ತಾದ್ರೂ ನಿಂತು ನೋಡಿದೀರಾ?"

ಇಲ್ಲ. ಹತ್ತುವಾಗ ಮಾತ್ರ, ಉಸಿರು ತಹಬಂದಿಗೆ ಬರುವವರೆಗೆ.

ಕುರ್ಚಿ ಎಳೆದುಕೊಂಡು ಕೂತೆ. ತುಂಬ ಭಯವಾಯಿತು. ಸರದಿಂದ ಬೀಗದ ಕೈ ಬಿಚ್ಚಿ ಮೀಸೆಯ ಕೈಗೆ ಕೊಟ್ಟು, ಅಮ್ಮನಿಗೆ ಏನು ಹೇಳಲಿ ಎಂದು ಅವನನ್ನೇ ಕೇಳಿದೆ.