ಕಾರು ಬರಲಿಲ್ಲ

ದ್ವೀಪದ ಮೂಲೆಯ ಫಿಡ್ಲರ್ಸ್ ಕೋವ್‌ನಲ್ಲಿ ಮನೆಗಳೆಲ್ಲ ಬಿಳಿ ಬಣ್ಣದವೇ. ಆದರೂ ಯಾವುದು ಕೆಂಪು ಮನೆ, ಯಾವುದು ನೀಲಿ ಮನೆ ಎಂಬುದು ಊರಿನ ನಾಯಿಗೂ ಗೊತ್ತು. ಅಜ್ಜ ಯಾವ ಪಕ್ಷಕ್ಕೆ ಮತ ಹಾಕಿದನೋ ಅದೇ ಆ ಮನೆಯ ಬಣ್ಣ. ಮೂಗು, ಕಿವಿ ಬಂದ ಹಾಗೆ ಅದೂ ವಂಶದಿಂದಲೇ ಬರುತ್ತದೆ. ಕೆಂಪು ಸರ್ಕಾರ ಬಂದರೆ ರಸ್ತೆಯ ಹಿಮ ತೆಗೆಯುವ ಗಾಡಿಯ ಮೇಲೆ ಕೆಂಪು ಮನೆಯವರು ಕೂರುತ್ತಾರೆ. ನೀಲಿ ಸರ್ಕಾರ ಬಂದರೆ ಅವರು ಇಳಿದು ನೀಲಿಯವರು ಹತ್ತುತ್ತಾರೆ. ಹಿಮಕ್ಕೆ ಮಾತ್ರ ಈ ರಾಜಕೀಯ ತಿಳಿಯದು. ಅದು ಎಲ್ಲರ ಬಾಗಿಲಿಗೂ ಒಂದೇ ಸಮ ಬೀಳುತ್ತದೆ.

ವಿಲ್ಮಾ ಶೇಸನ್ ಹುಟ್ಟಿದ್ದು ಕೆಂಪು ಮನೆಯಲ್ಲಿ, ಸೇರಿದ್ದು ನೀಲಿ ಮನೆಗೆ. ಗಂಡ ಜೆರಾರ್ಡ್ ಹಿಮದ ಗಾಡಿ ಓಡಿಸುವುದರಲ್ಲಿ ಎತ್ತಿದ ಕೈ. ಏನು ಪ್ರಯೋಜನ? ಕೆಂಪು ಸರ್ಕಾರ ಬಂದಾಗಲೆಲ್ಲ ಅವನನ್ನು ಇಳಿಸಿದರು. ಕೊನೆಯ ಸಲ ಇಳಿಸಿದಾಗ ಅವನು ಯಾರ ಮುಂದೆಯೂ ಹಲ್ಲು ಗಿಂಜದೆ ದೇಶದ ಇನ್ನೊಂದು ತುದಿಯ ಆಲ್ಬರ್ಟಾದ ಎಣ್ಣೆ ಗಣಿಗೆ ಹೊರಟುಹೋದ. ಅಲ್ಲಿ ಕೂಲಿಗಳ ಶೆಡ್ಡಿನಲ್ಲಿ, ನಿದ್ದೆಯಲ್ಲೇ, ಎದೆನೋವು ಬಂದು ಸತ್ತ. ಇತ್ತ ಅವನ ಗಾಡಿ ಹತ್ತಿದ ಮಹಾಶಯ ಆ ಚಳಿಗಾಲದಲ್ಲಿ ದಾರಿಯುದ್ದಕ್ಕೂ ಮನೆಗಳ ಮುಂದೆ ಕಂಬ ನೆಟ್ಟು ಕೂರಿಸಿದ್ದ ಅಂಚೆಪೆಟ್ಟಿಗೆಗಳನ್ನೆಲ್ಲ ಗುದ್ದಿ ಕೆಡವಿದ. ವಿಲ್ಮಾಳ ಮನೆಯ ಪೆಟ್ಟಿಗೆಯನ್ನೂ ಬಿಡಲಿಲ್ಲ. ಅವಳು ಅದನ್ನು ಮತ್ತೆ ನೆಡಿಸಲೇ ಇಲ್ಲ. ಬಂದವರೆಲ್ಲ ನೋಡಲಿ ಎಂದು ಅಂಗಳದಲ್ಲಿ ಹಾಗೇ ಬಿದ್ದಿರಲು ಬಿಟ್ಟಳು.

ಹಾಗಾಗಿ, ವೋಟುಗಳನ್ನು ಸೀಟುಗಳಾಗಿಸುವ ಪದ್ಧತಿಯನ್ನೇ ಬದಲಿಸಬೇಕೇ ಎಂದು ರಾಜಧಾನಿ ಶಾರ್ಲಟ್‌ಟೌನ್‌ನ ಸರ್ಕಾರ ದ್ವೀಪದ ಜನರನ್ನೇ ಕೇಳಿ ಜನಮತಗಣನೆ ಸಾರಿದಾಗ, ವಿಲ್ಮಾ ಸೆರಗು ಕಟ್ಟಿ ನಿಂತಳು ಎನ್ನಬೇಕು. ಅವಳ ಊರಲ್ಲಿ ಸೆರಗಿಲ್ಲ, ಏಪ್ರನ್ ಇತ್ತು. ಚರ್ಚಿನ ಸಭಾಂಗಣದ ನೆಲಮಾಳಿಗೆಯಲ್ಲಿ ನಾಲ್ಕಾರು ಹೆಂಗಸರನ್ನು ಸೇರಿಸಿದಳು. ಬೇಸಿಗೆಯಿಡೀ ಮನೆಮನೆ ಸುತ್ತಿದಳು. ಕರಪತ್ರ ಓದುವವರು ಯಾರು? ಅವಳು ತಟ್ಟೆ ತುಂಬ ಖರ್ಜೂರದ ಕೇಕು ಬೇಯಿಸಿ, ಚೌಕವಾಗಿ ಕೊಯ್ದು, ಕೈಯಲ್ಲಿ ಹಿಡಿದುಕೊಂಡು ಹೋಗುತ್ತಿದ್ದಳು.

"ನೋಡಿ, ಊರಿನೋರೆಲ್ಲ ಸೇರಿ ಮಾಡಿದ ಕೇಕಿದು. ಈಗ ಏನಾಗ್ತಿದೆ? ಅರ್ಧದಷ್ಟೂ ವೋಟ್ ಬೀಳದೇ ಇದ್ರೂ ಒಬ್ಬ ತಟ್ಟೇನೇ ಎತ್ಕೊಂಡು ಹೋಗ್ತಾನೆ. ಮಿಕ್ಕೋರು ಬಾಯಿ ಬಾಯಿ ಬಿಡ್ತಾರೆ. ಹೊಸ ಪದ್ಧತೀಲಿ ಎಷ್ಟು ವೋಟೋ ಅಷ್ಟೇ ಚೂರು. ಹಂಚ್ಕೊಂಡೇ ತಿನ್ಬೇಕು."

"ಅಂದ್ರೆ, ಈಗ ನನ್ ಪಾಲಿಗೆಷ್ಟು?" ಎಂದ ಆಲೂಗೆಡ್ಡೆ ಬೆಳೆಯುವ ಆಸ್ಟಿನ್, ಆಗಲೇ ಎರಡು ಚೂರು ಬಾಯಿಗೆ ಹಾಕಿಕೊಂಡು.

"ನೀನು ಆಗ್ಲೇ ಸರ್ಕಾರ ನಡೆಸ್ದಂಗೆ ತಿಂತಾ ಇದೀಯಲ್ಲ ಮಾರಾಯ," ಎಂದಳು ವಿಲ್ಮಾ. ಅವನ ಹೆಂಡತಿ ಬಿದ್ದು ಬಿದ್ದು ನಕ್ಕಳು. ಇಬ್ಬರೂ ಹೊಸದಕ್ಕೇ ನಮ್ಮ ಮತ ಎಂದರು. ಹೆಚ್ಚುಕಡಿಮೆ ಎಲ್ಲರೂ ಹಾಗೇ ಅಂದರು. ಕೇಕು ತಿಂದು ಇಲ್ಲ ಎನ್ನುವ ಜನ ಅಲ್ಲ ಆ ಊರಿನವರು.

ಎಲ್ಲರಿಗಿಂತ ಗಟ್ಟಿಯಾಗಿ ಹ್ಞೂಂ ಅಂದವಳು ಝೀಟಾ, ವಿಲ್ಮಾಳ ಅಪ್ಪನ ತಂಗಿ. ಊರಾಚೆ ಬೆಟ್ಟದ ತಿರುವಿನಲ್ಲಿ ಒಂಟಿ ಮನೆ. ಎಂಬತ್ತು ದಾಟಿದ ಜೀವ, ಮಂಡಿ ಎರಡೂ ಕೈಕೊಟ್ಟಿದ್ದವು, ನಾಲಿಗೆ ಮಾತ್ರ ಚುರುಕು.

"ಮದ್ವೆಗೆ ಮುಂಚೆ ಅಪ್ಪ ಹೇಳ್ದ ಕಡೆ ಹಾಕ್ದೆ. ಆಮೇಲೆ ನಿಮ್ ಮಾವ ಹೇಳ್ದ ಕಡೆ," ಎಂದಳು ಅತ್ತೆ. "ಅವ್ರು ಹೋದ್ಮೇಲೆ ನಿಮ್ಮಣ್ಣ ಕ್ಲೀಟಸ್ ಕೆಂಪಿನೋರ ಕಾರ್ ತಂದು ಬಾಗ್ಲಲ್ಲಿ ನಿಲ್ಲಿಸ್ತಾನೆ, ಅವ್ನ್ ಮುಖ ನೋಡಿ ಹಾಕ್ತೀನಿ. ನಂದೂ ಅಂತ ಒಂದು ವೋಟು ಇವತ್ತಿನವರ್ಗೂ ಹಾಕೇ ಇಲ್ಲ ಕಣೇ. ಸಾಯೋದ್ರೊಳಗೆ ಇದೊಂದು ಹಾಕ್ಬಿಡ್ತೀನಿ. ಜೆರಾರ್ಡ್ ಹೆಸ್ರಲ್ಲಿ ಅಂತ ಇಟ್ಕೋ."

ವಿಲ್ಮಾ ಅತ್ತೆಯ ಕೈ ಹಿಡಿದುಕೊಂಡಳು. ಗಂಡ ಸತ್ತಮೇಲೆ ಅವನ ಹೆಸರನ್ನು ಅಷ್ಟು ಸಲೀಸಾಗಿ ಬಾಯಿಬಿಟ್ಟು ಹೇಳಿದವರು ಊರಲ್ಲಿ ಯಾರೂ ಇರಲಿಲ್ಲ.

"ಫೋನಲ್ಲೇ ಹಾಕ್ಬೋದು ಅತ್ತೆ, ಈ ಸಲ. ಮನೆಗೆ ಕಾಗದ ಬಂದಿರುತ್ತೆ, ಅದ್ರಲ್ಲಿರೋ ನಂಬರ್ ಒತ್ತಿದ್ರೆ ಸಾಕು."

"ಅಯ್ಯೋ, ಫೋನಲ್ಲಿ ಯಾರಾದ್ರೂ ನಂಬರ್ ಕೇಳಿದ್ರೆ ತಕ್ಷಣ ಇಡಿ ಅಂತ ಪಾದ್ರಿಗಳೇ ಹೇಳಿದಾರೆ. ಆ ಕಾಗ್ದಾನ ಒಲೆಗೆ ಹಾಕ್ದೆ."

"ಹೋಗ್ಲಿ ಬಿಡಿ. ಕೊನೇ ಎರಡು ದಿನ ಚರ್ಚ್ ಹಾಲಲ್ಲೂ ವೋಟಿನ ಪೆಟ್ಟಿಗೆ ಇಡ್ತಾರೆ, ಅಲ್ಲೇ ಹಾಕಿ."

"ಕಾರು ಎಷ್ಟೊತ್ತಿಗೆ ಬರುತ್ತೆ?"

"ಕಾರಿಲ್ಲ ಅತ್ತೆ! ಕಾರ್ ಕಳಿಸ್ದೋರಿಗೆ ವೋಟು ಅನ್ನೋದೇ ನಿಲ್ಬೇಕು ಅಂತ ತಾನೆ ಇಷ್ಟೆಲ್ಲ ಒದ್ದಾಡ್ತಿರೋದು?"

"ಸರಿ ಸರಿ," ಎಂದಳು ಝೀಟಾ. "ಹಾಲು ಇನ್ನಷ್ಟು ಹಾಕ್ಕೋ, ಚಾ ಕಪ್ಪಗಿದೆ."

ಹೇಳಬೇಕಾದ್ದನ್ನು ಹೇಳಿದೆ, ಕೇಳಬೇಕಾದವಳು ಕೇಳಿದಳು ಎಂದುಕೊಂಡು ವಿಲ್ಮಾ ಎದ್ದಳು.

ಆ ಕಾರಿನ ವಿಷಯಕ್ಕೇ ನೆಲಮಾಳಿಗೆಯಲ್ಲಿ ಒಂದು ಸಂಜೆ ದೊಡ್ಡ ಜಗಳವಾಯಿತು. ತಲೆತಲಾಂತರದಿಂದ ಚುನಾವಣೆಯ ದಿನ ಮತದಾರ ತಾನಾಗಿ ನಡೆದು ಹೋದದ್ದಿಲ್ಲ. ಕೆಂಪಿನವರ ಕಾರು ಕೆಂಪು ಮನೆಗೆ, ನೀಲಿಯವರ ಕಾರು ನೀಲಿ ಮನೆಗೆ. ವಿಲ್ಮಾಳ ಅಪ್ಪನ ಕಾಲದಲ್ಲಿ ಗಂಡಸರಿಗೆ ಸೀಟಿನ ಕೆಳಗೆ ರಮ್ಮಿನ ಸಣ್ಣ ಬಾಟಲಿ, ಹೆಂಗಸರಿಗೆ ಚಾಕಲೇಟಿನ ಡಬ್ಬಿ. ಈಗ ಬಾಟಲಿ ಹೋಗಿದೆ, ಕಾರು ಉಳಿದಿದೆ. ಈ ಸಲವೋ ಎರಡೂ ಪಕ್ಷಗಳು ಕೈಕಟ್ಟಿ ಕೂತಿದ್ದವು. ತಟ್ಟೆ ಎತ್ತಿಕೊಂಡು ಹೋಗಿ ಅಭ್ಯಾಸವಾದವರು ತಟ್ಟೆ ಒಡೆಯಲು ಕಾರು ಕೊಡುತ್ತಾರೆಯೇ?

"ನಮ್ ಹತ್ರಾನೂ ಕಾರುಗಳಿವೆ ವಿಲ್ಮಾ," ಎಂದಳು ಬರ್ನೀಸ್. ನಿವೃತ್ತ ಮೇಷ್ಟ್ರಮ್ಮ, ಮೆದು ಮಾತಿನವಳು. "ಎರಡು ದಿನ ಊರು ಸುತ್ತೋಣ. ನಡೆಯೋಕಾಗ್ದೋರನ್ನ ಕರ್ಕೊಂಡ್ ಬರೋಣ."

"ಆಮೇಲೆ? ಒಂದೊಂದು ಬಾಟ್ಲೀನೂ ಕೊಡೋಣ್ವಾ?"

"ತಮಾಷೆ ಅಲ್ಲ ಕಣೇ."

"ನಂಗೂ ತಮಾಷೆ ಅಲ್ಲ. ಹೊತ್ಕೊಂಡು ಹೋಗಿ ಹಾಕಿಸೋ ವೋಟು ನಂಗೆ ಬೇಡ ಬರ್ನೀಸ್. ಆ ಕಾರೇ ನನ್ ಗಂಡನ್ನ ಗಾಡಿಯಿಂದ ಇಳಿಸಿದ್ದು. ಜನಕ್ಕೆ ಬುದ್ಧಿ ಇದೆ, ಕಾಲಿದೆ. ಬೇಕಾದೋರು ಬರ್ತಾರೆ. ಇಲ್ದಿದ್ರೆ ನಮಗೂ ಕ್ಲೀಟಸ್ಸಿಗೂ ಏನು ವ್ಯತ್ಯಾಸ?"

ಬರ್ನೀಸ್ ತನ್ನ ಕಾರಿನ ಕೀಲಿಯನ್ನು ಚೀಲದೊಳಗೆ ಹಾಕಿಕೊಂಡಳು. ಗಂಡನನ್ನು ಕಳೆದುಕೊಂಡವಳ ಎದುರು ಯಾರು ವಾದ ಮಾಡುತ್ತಾರೆ? ವಿಲ್ಮಾ ಗೆದ್ದಳು. ಆ ಗೆಲುವು ಅವಳಿಗೆ ಬಲು ರುಚಿಯಾಗಿತ್ತು ಎಂಬುದನ್ನೂ ಹೇಳಿಬಿಡಬೇಕು.

ನವೆಂಬರಿನ ಗಾಳಿಯಲ್ಲಿ ಮತದಾನ ಮುಗಿಯಿತು. ಸಭಾಂಗಣದ ಬಾಗಿಲಲ್ಲಿ ಅಧಿಕಾರಿಗಳು ಆಕಳಿಸುತ್ತಿದ್ದರು. ಕ್ಲೀಟಸ್ ಸಹಕಾರಿ ಅಂಗಡಿಯ ಮುಂದೆ ಕಾರು ನಿಲ್ಲಿಸಿ, ಕಾಫಿ ಹೀರುತ್ತ, ಎರಡು ದಿನವೂ ಹಗಲೆಲ್ಲ ಅಲ್ಲಾಡದೆ ಕೂತಿದ್ದ. ಅವನ ಪಾಲಿಗೆ ಅದು ಹಬ್ಬಕ್ಕೆ ಅಡುಗೆ ಮಾಡದೆ ಕೂತ ಹಾಗೆ. ಕೈ ಕಡಿಯುತ್ತಿತ್ತೋ ಏನೋ, ಸುಮ್ಮನೆ ಎಂಜಿನ್ ಓಡಿಸಿ ಓಡಿಸಿ ನಿಲ್ಲಿಸುತ್ತಿದ್ದ.

ಆದರೂ ಗೆದ್ದರು! ದ್ವೀಪದಲ್ಲಿ ಮತ ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೊಸ ಪದ್ಧತಿಯೇ ಬೇಕು ಅಂದಿದ್ದರು. ರೇಡಿಯೋದಲ್ಲಿ ಕೇಳಿ ವಿಲ್ಮಾ ಅಡುಗೆಮನೆಯಲ್ಲಿ ಒಬ್ಬಳೇ ಕುಣಿದಳು. ಬರ್ನೀಸ್ ಬಂದು ತಬ್ಬಿಕೊಂಡು ಅತ್ತಳು. ಅಂಗಳದಲ್ಲಿ ಬಿದ್ದಿದ್ದ ಅಂಚೆಪೆಟ್ಟಿಗೆಯನ್ನು ವಿಲ್ಮಾ ಎತ್ತಿ, ಒರೆಸಿ, ಬಾಗಿಲ ಬಳಿ ಇಟ್ಟಳು. ನೆಲ ಹೆಪ್ಪುಗಟ್ಟುವ ಮೊದಲೇ ನೆಡಿಸಬೇಕು ಎಂದುಕೊಂಡಳು.

ನೆಡಿಸುವ ಮೊದಲೇ ಕೆಂಪು ಪಕ್ಷದ ಮುಖ್ಯಮಂತ್ರಿಯ ಮಾತು ಬಂತು. ಬಹಳ ವಿನಯದ ಮಾತು. ಜನರ ಅಭಿಪ್ರಾಯವನ್ನು ಗೌರವಿಸುತ್ತೇವೆ. ಆದರೆ ಜನ ಎಲ್ಲಿದ್ದರು? ಮೂವರಲ್ಲಿ ಹೆಚ್ಚುಕಡಿಮೆ ಒಬ್ಬರು ಮಾತ್ರ ಬಂದು ಹಾಕಿದ ಮತದ ಮೇಲೆ ಇಂಥ ದೊಡ್ಡ ಬದಲಾವಣೆ ಸರಿಯಲ್ಲ, ಮುಂದೆ ನೋಡೋಣ. ಅಷ್ಟೇ. ಅವರೆಲ್ಲರ ಬೇಸಿಗೆಗೆ ಒಂದೇ ಉಸಿರಲ್ಲಿ ಎಳ್ಳುನೀರು ಬಿಟ್ಟರು. ಅದೇ ಮುಖ್ಯಮಂತ್ರಿ ಅರ್ಧಕ್ಕಿಂತ ಕಡಿಮೆ ಮತ ಪಡೆದು ತಟ್ಟೆ ಎತ್ತಿಕೊಂಡು ಹೋಗಿದ್ದಾಗ ಯಾರೂ ಯಾರನ್ನೂ ಎಣಿಸಿರಲಿಲ್ಲ.

ಆ ಭಾನುವಾರ ಚರ್ಚಿನ ಪೂಜೆ ಮುಗಿಸಿ ಬಂದ ಕ್ಲೀಟಸ್ ತಂಗಿಯ ಮನೆಯ ಬಾಗಿಲಲ್ಲಿ ನಿಂತ. ಕೈಯಲ್ಲಿ ಹೆಂಡತಿ ಕಟ್ಟಿಕೊಟ್ಟ ಬ್ರೆಡ್ಡು.

"ಆಡ್ಕೊಳ್ಳೋಕ್ ಬಂದ್ಯಾ ಅಣ್ಣಾ?"

"ಇಲ್ಲಮ್ಮ. ಪಾಪ ಅನ್ನಿಸ್ತು."

"ನಿಮ್ಮೋರು ಕತ್ತು ಕುಯ್ದಿದಾರೆ, ನಿಂಗೆ ಪಾಪ ಅನ್ಸುತ್ತಾ? ನಿನ್ ಕೈಯಲ್ಲಿ ಏನೇನ್ ಮಾಡ್ಸಿದ್ರು ಹೇಳು, ಕೇಳಿಸ್ಕೋತೀನಿ."

"ಏನೂ ಮಾಡ್ಬೇಡ ಅಂದ್ರು. ಏನೂ ಮಾಡ್ಲಿಲ್ಲ. ಅಷ್ಟೇ ಸಾಕಾಯ್ತು ನೋಡು." ಅವನು ಬ್ರೆಡ್ಡನ್ನು ಮೇಜಿನ ಮೇಲಿಟ್ಟ. "ನೀನೇನಕ್ಕೆ ಕಾರ್ ಕಳಿಸ್ಲಿಲ್ಲ ವಿಲ್ಮಾ? ನಾನು ಎರಡು ದಿನಾನೂ ಕಾಯ್ತಿದ್ದೆ, ಈಗ ಇವಳ ಕಾರುಗಳು ಹೊರಡ್ತವೆ, ನಮ್ ಕಥೆ ಮುಗೀತು ಅಂತ. ಹೊರಡ್ಲೇ ಇಲ್ಲ."

"ಜನಕ್ಕೆ ಕಾಲಿಲ್ವಾ?"

"ಈ ಊರಲ್ಲಿ ವೋಟ್ ಹಾಕೋದು ಅಂದ್ರೆ ಯಾರಾದ್ರೂ ಬಾಗ್ಲಿಗೆ ಬಂದು ನೀನು ಬೇಕು ಅನ್ನೋದು ಕಣೇ. ಯಾರೂ ಬರ್ಲಿಲ್ಲ ಅಂದ್ರೆ ತಾನು ಬೇಡ ಅಂತ ಲೆಕ್ಕ. ಅದು ತಿಳಿಯೋಕೆ ನಂಗೆ ಯಾವ್ ಪದ್ಧತಿನೂ ಓದ್ಬೇಕಾಗ್ಲಿಲ್ಲ." ಅವನು ಬಾಗಿಲ ಹಿಡಿಕೆ ಹಿಡಿದು ನಿಂತ. "ಮೊದಲ್ನೇ ದಿನ ಸಂಜೆ ಮನೆಗೆ ಹೋಗ್ವಾಗ ಝೀಟತ್ತೆ ಮನೆ ಮುಂದೆ ಹಾದು ಹೋದೆ. ಕಿಟಕೀಲಿ ಕೋಟು ಹ್ಯಾಟು ಹಾಕ್ಕೊಂಡು ಕೂತಿದ್ಲು. ನನ್ ಕಾರ್ ನೋಡಿ ಕೈ ಬೀಸಿದ್ಲು."

"ನೀನೇನ್ ಮಾಡ್ದೆ?"

"ನಾನೂ ಬೀಸ್ದೆ," ಎಂದ ಕ್ಲೀಟಸ್, ಅವಳ ಮುಖ ನೋಡದೆ. "ಮಾಡ್ಬೇಡ ಅಂದಿದ್ರಲ್ಲ."

ಅವನು ಹೋದ ಮೇಲೆ ವಿಲ್ಮಾ ಬ್ರೆಡ್ಡನ್ನು ಎತ್ತಿ ಕಸದ ಬುಟ್ಟಿಗೆ ಎಸೆದಳು. ಆಮೇಲೆ ಕಾರು ಹತ್ತಿದಳು. ಬೆಟ್ಟದ ತಿರುವು ಎಷ್ಟು ಹತ್ತಿರವಿತ್ತೆಂದರೆ ಕಾರಿನ ಹೀಟರ್ ಬಿಸಿಯಾಗುವ ಮೊದಲೇ ಅತ್ತೆಯ ಮನೆ ಬಂತು. ಇಷ್ಟು ಹತ್ತಿರವೇ ಎಂದು ಅವಳಿಗೆ ಆ ದಿನ ಮೊದಲ ಬಾರಿಗೆ ಅನ್ನಿಸಿತು.

ಝೀಟಾ ಒಲೆಯ ಪಕ್ಕ ಮಂಡಿಗೆ ಕಂಬಳಿ ಸುತ್ತಿಕೊಂಡು ಕೂತಿದ್ದಳು. ಚರ್ಚಿಗೆ ಹಾಕುವ ಹ್ಯಾಟು ಇನ್ನೂ ಕಿಟಕಿಯ ದಂಡೆಯ ಮೇಲೇ ಇತ್ತು.

"ಬಾ ಮಗಾ. ನಿನ್ ಮೇಲೆ ಕೋಪ ಏನಿಲ್ಲ."

"ಅತ್ತೆ, ಕಾರ್ ಬರಲ್ಲ ಅಂತ ನಾನು ಹೇಳಿದ್ನಲ್ಲ."

"ಹೇಳ್ದೆ. ನಿನ್ ಬಾಯಿ ಹಂಗೇ ಅಲ್ವಾ ಯಾವಾಗ್ಲೂ. ಬಾಯಲ್ಲಿ ಬೈತಾಳೆ, ಆಮೇಲೆ ಬರ್ತಾಳೆ ಅಂದ್ಕೊಂಡೆ. ಮೊದಲ್ನೇ ದಿನ ಕತ್ತಲಾಗೋವರ್ಗೂ ಕೂತಿದ್ದೆ. ಎರಡ್ನೇ ದಿನ ಬೆಳಗ್ಗೆನೇ ಕೂತೆ, ಲೇಟಾಗಿ ನಿಂಗೆ ತೊಂದ್ರೆ ಆಗ್ಬಾರ್ದು ಅಂತ." ಅವಳು ಕಂಬಳಿಯ ಅಂಚನ್ನು ಸರಿಮಾಡಿಕೊಂಡಳು. "ಆಮೇಲೆ ಯೋಚ್ನೆ ಮಾಡ್ದೆ. ನಮ್ದು ಕೆಂಪು ಮನೆ. ನೀವು ಹೊಸ ಪದ್ಧತಿಯೋರು. ಕೆಂಪು ಮನೆಯೋರ ವೋಟು ನಿಮಗೆ ಬೇಡ್ವೇನೋ, ನಾನೇ ತಪ್ಪು ತಿಳ್ಕೊಂಡ್ನೇನೋ ಅಂತ."

ವಿಲ್ಮಾ ನೆಲದ ಮೇಲೆ, ಅತ್ತೆಯ ಕಾಲ ಬಳಿ ಕೂತಳು. ಅವಳಿಗೆ ಮುಖ್ಯಮಂತ್ರಿಯ ಮೇಲೆ ಸಿಟ್ಟಿತ್ತು, ಅಣ್ಣನ ಮೇಲೆ ಸಿಟ್ಟಿತ್ತು. ಅವೆರಡನ್ನೂ ಮೀರಿ, ನೆಲಮಾಳಿಗೆಯಲ್ಲಿ ಬರ್ನೀಸಳ ಬಾಯಿ ಮುಚ್ಚಿಸಿ ಬೀಗಿದ ಹೆಂಗಸಿನ ಮೇಲೆ ಅವಳಿಗೆ ಹೇಸಿಗೆ ಹುಟ್ಟಿತು. ಇಂಥ ಎಷ್ಟು ಕಿಟಕಿಗಳಲ್ಲಿ ಎಷ್ಟು ಕೋಟುಗಳು ಕಾದಿದ್ದವೋ!

"ಕ್ಲೀಟಸ್ ಇವತ್ತು ಪೂಜೆ ಆದ್ಮೇಲೆ ಬಂದಿದ್ದ," ಎಂದಳು ಝೀಟಾ. "ಮುಂದಿನ ಎಲೆಕ್ಷನ್‌ಗೆ ತಪ್ಪದೆ ಬರ್ತೀನಿ ಅತ್ತೆ ಅಂದ. ನಾನೂ ಹ್ಞೂಂ ಅಂದೆ. ಅವ್ನು ಬರ್ತಾನೆ, ಪಾಪ. ಯಾವತ್ತೂ ಬರ್ದೇ ಇದ್ದಿಲ್ಲ."

"ಅತ್ತೆ, ನನ್ ಕಾರ್ ಹೊರಗೇ ನಿಂತಿದೆ," ಎಂದಳು ವಿಲ್ಮಾ. ಯಾಕೆ ಹಾಗೆಂದಳೋ ಅವಳಿಗೇ ತಿಳಿಯಲಿಲ್ಲ.

ಝೀಟಾ ಕಿಟಕಿಯಾಚೆ ಬಗ್ಗಿ ನೋಡಿದಳು. ನಂತರ ಸೋದರಸೊಸೆಯ ತಲೆಯ ಮೇಲೆ ಕೈಯಿಟ್ಟಳು.

"ಈಗೆಲ್ಲಿಗೆ ಮಗಾ?"

ವಿಲ್ಮಾ ಚಾ ಕುಡಿದಳು, ಲೋಟ ತೊಳೆದಳು, ಒಲೆಗೆ ಕಟ್ಟಿಗೆ ಹಾಕಿದಳು. ಹೊರಗೆ ಆ ವರ್ಷದ ಮೊದಲ ಹಿಮ ಬೀಳತೊಡಗಿತ್ತು. ಕಾರು ತಿರುಗಿಸುವಾಗ ನೋಡಿದರೆ ಅತ್ತೆ ಕಿಟಕಿಯಲ್ಲಿ ಕೂತು ಕೈ ಬೀಸುತ್ತಿದ್ದಳು. ವಿಲ್ಮಾಳೂ ಕೈ ಬೀಸಿ ಹೊರಟಳು.