ಆಮೆನ್‌ಗೆ ಮುಂಚಿನ ಸಾಲು

"ಅಲ್ಲಾ, ಇಷ್ಟೊಂದು ಗುಂಡಿ ಯಾರಿಗೆ ಅಂತ ಕೂಡಿಟ್ಟಳು ಇವಳು?"

ಸತ್ತವಳ ತಮ್ಮ ಮಂಚದ ಪಕ್ಕ ಮಂಡಿಯೂರಿ ಕೇಳಿದ. ಯಾರನ್ನೂ ನೋಡಿ ಕೇಳಿದ್ದಲ್ಲ. ಶವಪೆಟ್ಟಿಗೆ ಹೊರಗೆ ಒಯ್ಯಲೆಂದು ಮಂಚ ಸರಿಸುವಾಗ ತಗಡಿನ ಡಬ್ಬಿ ಉರುಳಿ ಗುಂಡಿಗಳೆಲ್ಲ ನೆಲದ ತುಂಬ ಹರಡಿದ್ದವು. ಬಿಳಿಯವು, ಕಂದು ಬಣ್ಣದವು, ಎರಡು ಕಣ್ಣಿನವು, ನಾಲ್ಕು ಕಣ್ಣಿನವು. ಹೊರುವವರು ಕಾಲು ಜಾರೀತೆಂದು ಬಾಗಿಲಲ್ಲೇ ನಿಂತುಬಿಟ್ಟರು.

"ಗುಂಡಿಯಮ್ಮ ಹೋಗೋವಾಗ್ಲೂ ಗುಂಡಿ ಚೆಲ್ಲೇ ಹೋಗ್ಬೇಕಾ?" ಎಂದರು ಟೈಲರ್ ಮಾಸ್ತರು. ಅವರ ಅಂಗಡಿಯ ಮೂಲೆಯಲ್ಲೇ ಆಕೆ ಕಾಜಾ ಹೊಲಿದು, ಗುಂಡಿ ಹಾಕಿ, ಹಲ್ಲಿನಲ್ಲಿ ದಾರ ಕಡಿದು ಆಯುಷ್ಯ ಸವೆಸಿದ್ದಳು. ನಗಿಸಲು ಆಡಿದ ಮಾತು. ಬಗ್ಗಿ ಕಾಲ ಬಳಿಯ ಒಂದು ಗುಂಡಿ ಎತ್ತಿಕೊಂಡರು. "ಅವಳು ಹಾಕಿದ ಗುಂಡಿ ಬಟ್ಟೆ ಹರಿದರೂ ಬೀಳ್ತಿರಲಿಲ್ಲ ಕಣ್ರೀ."

ಸತ್ತವಳ ಮಗಳು ಪೊರಕೆ ತಂದು ಗುಡಿಸತೊಡಗಿದಳು. ಅವಳು ಈ ಕೋಣೆಗೆ ಕಾಲಿಟ್ಟು ಬಹಳ ಕಾಲವಾಗಿತ್ತು. ಪೊರಕೆ ಎಲ್ಲಿದೆಯೆಂದು ಪಕ್ಕದ ಮನೆಯವರು ಹೇಳಬೇಕಾಯಿತು. ಕಿಟಕಿಯ ಹೊರಗೆ, ಎದುರು ಗೋಡೆಗೊರಗಿ ಒಂದು ಗುಂಪು ನಿಂತಿತ್ತು. ಬೇರೆ ಚಹರೆ, ಬೇರೆ ಉಡುಪು.

"ಮಾವ, ಯಾರವರು?"

"ಮಧ್ಯಾಹ್ನದೋರು. ಭಾನುವಾರ ಬೆಳಿಗ್ಗೆ ನಮ್ಮ ಆರಾಧನೆ ಮುಗಿದ ಮೇಲೆ ಅದೇ ಚರ್ಚಲ್ಲಿ ಸೇರ್ತಾರೆ. ಎಲ್ಲಿಂದಲೋ ಕೂಲಿಗೆ ಬಂದ ಜನ. ಅವರ ಭಾಷೆ ಆ ದೇವರಿಗೇ ಪ್ರೀತಿ. ಮಣ್ಣು ಮಾಡೋ ಮುಂಚೆ ಒಂದು ಹಾಡು ಹಾಡ್ತಾರಂತೆ."

"ಅಮ್ಮನಿಗೂ ಅವರಿಗೂ ಏನು ಸಂಬಂಧ?"

"ನಿಮ್ಮಮ್ಮ ಅವರ ಜೊತೆ ಹಾಡ್ತಿದ್ದಳಂತೆ!" ಮಾವ ಕೈಯಲ್ಲಿದ್ದ ಗುಂಡಿಗಳನ್ನು ಡಬ್ಬಿಗೆ ಸುರಿದ. "ಯಾರು? ನಮ್ಮಕ್ಕ! ಅಕ್ಕ ರಾಗ ಎತ್ತಿದ್ರೆ ಮನೆ ಬೆಕ್ಕು ಎದ್ದು ಆಚೆ ಹೋಗೋದು."

ಪೊರಕೆ ನಿಂತಿತು.

ಮಗಳು ಫೋನು ಮಾಡುತ್ತಿದ್ದುದು ಭಾನುವಾರ ಮಧ್ಯಾಹ್ನ. ಅವಳಿಗೆ ಬಿಡುವಿದ್ದುದೇ ಆಗ. ಒಂದು ದಿನ ಅಮ್ಮ, "ಆ ಹೊತ್ತಿಗೆ ಮಾಡಬೇಡ್ವೇ, ನಾನು ಹಾಡ್ತಾ ಇರ್ತೀನಿ," ಅಂದಿದ್ದಳು. ಜೋಗುಳವನ್ನೂ ಹಾಡದೆ ಬರೀ ತಟ್ಟಿ ಮಲಗಿಸಿದ ಅಮ್ಮ! "ಸುಳ್ಳು ಹೇಳಬೇಡಮ್ಮ. ನನ್ನ ಜೊತೆ ಮಾತು ಬೇಡ ಅಂದ್ರೆ ಬೇಡ ಅನ್ನು," ಎಂದು ಮಗಳು ಫೋನಿಟ್ಟಿದ್ದಳು. ಆಮೇಲೆ ಇವಳೂ ಮಾಡಲಿಲ್ಲ, ಅವಳೂ ಮಾಡಲಿಲ್ಲ.

"ಹಾಡ್ಲಿ ಬಿಡಿ ಮಾವ," ಎಂದಳು.

*

ಚರ್ಚಿನ ಹಾಡಿನ ಮೇಷ್ಟ್ರು ಗುಂಡಿಯಮ್ಮನಿಗೆ ಆ ಮಾತು ಹೇಳಿದಾಗ ಅವಳಿಗಿನ್ನೂ ಮದುವೆಯಾಗಿರಲಿಲ್ಲ. "ನೀನು ತುಟಿ ಅಲ್ಲಾಡಿಸಮ್ಮ ಸಾಕು. ಸ್ವರ ನಾವು ನೋಡ್ಕೋತೀವಿ." ಎಲ್ಲರೂ ನಕ್ಕರು, ಅವಳೂ ನಕ್ಕಳು. ಅಂದಿನಿಂದ ತುಟಿ ಮಾತ್ರ ಅಲ್ಲಾಡಿತು. ಮೇಷ್ಟ್ರು ತೀರಿಕೊಂಡ ಮೇಲೂ.

ಗಂಡ ಹೋದ ಬಳಿಕ ಚರ್ಚು ಗುಡಿಸುವ ಕೆಲಸ ತಾನೇ ಕೇಳಿ ಪಡೆದಳು. ಆರಾಧನೆ ಮುಗಿದರೆ ಜನ "ಬರ್ತೀವಮ್ಮಾ" ಎನ್ನುತ್ತ, ಎನ್ನುವಾಗಲೇ ಬೆನ್ನು ತೋರಿಸಿ ತಮ್ಮ ತಮ್ಮ ಮನೆಗೆ ಹೋಗುತ್ತಿದ್ದರು. ಒಂದು ಭಾನುವಾರ ಗುಡಿಸಿ ಮುಗಿಸಿದವಳು ಮಂಡಿನೋವಿಗೆ ಕೊನೆಯ ಬೆಂಚಿನ ತುದಿಯಲ್ಲಿ ಕೂತಳು. ಏಳುವಷ್ಟರಲ್ಲಿ ಮಧ್ಯಾಹ್ನದವರು ಬಂದರು.

ಯಾರು ನೀನು, ಮಗಳು ಯಾಕೆ ಬರಲ್ಲ ಅಂತ ಯಾರೂ ಕೇಳಲಿಲ್ಲ. ಒಬ್ಬ ಹೆಂಗಸು ಚೀಲ ಸರಿಸಿ ಅವಳಿಗೆ ಇನ್ನಷ್ಟು ಜಾಗ ಮಾಡಿದಳು, ಅಷ್ಟೆ. ಬೇಕರಿಯಲ್ಲಿ ಹಿಟ್ಟು ನಾದುವ ಮುದುಕ ಎದ್ದು ನಿಂತು ಒಂದು ಸಾಲು ಹೇಳಿದ. ಜನ ಅದನ್ನೇ ಹಾಡಿ ಮರಳಿಸಿದರು. ಇನ್ನೊಂದು ಸಾಲು, ಮತ್ತೆ ಜನ. ಮಗುವಿಗೆ ತುತ್ತು ಕೊಟ್ಟಂತೆ. ಅವಳಿಗೆ ಒಂದು ಪದವೂ ತಿಳಿಯಲಿಲ್ಲ. ತಿಳಿಯದ್ದರಲ್ಲಿ ತಪ್ಪುವ ಹೆದರಿಕೆ ಎಲ್ಲಿಯದು? ತುಟಿ ಅಲ್ಲಾಡುತ್ತಿದ್ದಂತೆ ಸ್ವರವೂ ಹಿಂದೆಯೇ ಬಂತು.

ಹಾಡು ಎಲ್ಲಿ ಮುಗಿಯುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಎಲ್ಲರೂ ನಿಲ್ಲಿಸಿದ ಮೇಲೆ ಕೊನೆಯ ಸಾಲನ್ನು ಇನ್ನೊಮ್ಮೆ, ಒಬ್ಬಳೇ, ಸೊಟ್ಟಸೊಟ್ಟಗೆ ಹಾಡಿಬಿಟ್ಟಳು. ಗೊತ್ತಾದಾಗ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಯಾರೂ ನಗಲಿಲ್ಲ. ಮುದುಕ ಕಣ್ಣು ಮುಚ್ಚಿಕೊಂಡೇ ಅವಳ ಉಸಿರು ಮುಗಿಯುವವರೆಗೆ ಕಾದ. ಆಮೇಲೆ, "ಆಮೆನ್" ಎಂದ.

ಮರುವಾರ ಅವಳು ಎಚ್ಚರದಿಂದಿದ್ದಳು. ಎಲ್ಲರೊಡನೆ ನಿಲ್ಲಿಸಿ ತುಟಿ ಬಿಗಿದಳು. ಆಮೆನ್ ಬರಲಿಲ್ಲ. ಒಬ್ಬರೂ ತಿರುಗಿ ನೋಡಲಿಲ್ಲ; ಆದರೆ ಅಷ್ಟೂ ಬೆನ್ನುಗಳು ಕಾಯುತ್ತಿದ್ದವು. ಅವಳು ಸೆರಗಿನ ಅಂಚು ಹಿಡಿದುಕೊಂಡು, ಕೊನೆಯ ಸಾಲು ಹಾಡಿದಳು.

*

ಚರ್ಚಿನಲ್ಲಿ ಪಾಸ್ಟರು ಪ್ರಾರ್ಥನೆಯನ್ನು ಚಿಕ್ಕದಾಗಿ ಮುಗಿಸಿದರು. ಬಂದಿದ್ದ ಸಭೆಯವರೂ ಕಡಿಮೆಯೇ. ಬಳಿಕ ಮಧ್ಯಾಹ್ನದವರು ಬಂದರು. ಮುಂದೆ ಬರದೆ ಹಿಂದಿನ ಬೆಂಚುಗಳಲ್ಲೇ ನಿಂತರು. ಕೊನೆಯ ಬೆಂಚಿನ ತುದಿಗೆ ಯಾರೂ ಹೋಗಲಿಲ್ಲ. ಗಂಡಸರೆಲ್ಲ ಅಂಗಿಯ ಗುಂಡಿಗಳನ್ನು ಗಂಟಲವರೆಗೆ ಹಾಕಿಕೊಂಡಿದ್ದರು. ಯಾವ ಅಂಗಿಯಲ್ಲೂ ಒಂದು ಗುಂಡಿಯಂತೆ ಇನ್ನೊಂದಿರಲಿಲ್ಲ. ದಾರ ಮಾತ್ರ ಎಲ್ಲದಕ್ಕೂ ನೀಲಿ.

"ನನ್ನ ನೀಲಿ ದಾರದ ಉಂಡೆ ಇಲಿ ತಿಂತಿದೆ ಅಂದ್ಕೊಂಡಿದ್ನಲ್ಲೋ," ಎಂದು ಟೈಲರ್ ಮಾಸ್ತರು ಮಾವನ ಕಿವಿಯಲ್ಲಿ ಹೇಳಿ ಕಣ್ಣೊರೆಸಿಕೊಂಡರು.

ಮುದುಕ ಸಾಲು ಹೇಳಿದ, ಜನ ಮರಳಿಸಿದರು. ಹಾಡು ಏರಿತು, ಇಳಿಯಿತು, ನಿಂತಿತು. ನಿಂತದ್ದು ನಿಂತೇ ಇತ್ತು. ಮಾವ ಕೆಮ್ಮಿದ. "ಮುಗೀತಾ?" ಎಂದ. ಕೊನೆಗೆ ಮುದುಕ ಕಣ್ಣು ತೆರೆದು, ಆಮೆನ್ ಎನ್ನದೆ, ಹೊರುವವರಿಗೆ ದಾರಿ ಬಿಟ್ಟು ನಿಂತ.

ಮಗಳು ಅವನ ಬಳಿಗೆ ಹೋದಳು.

"ಅಜ್ಜಾ, ಆಮೆನ್ ಹೇಳಲಿಲ್ಲವಲ್ಲ?"

"ಅಮ್ಮ ಇನ್ನೊಂದು ಸಾಲು ಹಾಡ್ಬೇಕು. ಆಮೇಲೆ ಆಮೆನ್," ಮುದುಕ ಪದ ಹುಡುಕಿ ಹುಡುಕಿ ಹೇಳಿದ. "ಮೊದಲ ದಿನ ತಪ್ಪು ಮಾಡಿದ್ರು. ನಾವು ಕಾದ್ವಿ. ಆಮೇಲೆ ಪ್ರತಿ ವಾರ ಕಾದ್ವಿ."

"ಹಾಗಾದ್ರೆ ನಿಜವಾಗ್ಲೂ ಹಾಡ್ತಿದ್ದಳಾ?"

"ಜೋರಾಗಿ!"

ಪೆಟ್ಟಿಗೆ ಅವರ ಪಕ್ಕದಲ್ಲೇ ಹಾದುಹೋಯಿತು. ಮಗಳು ಅದನ್ನು ಹಿಂಬಾಲಿಸಬೇಕಿತ್ತು. ಮಾವ ಬಾಗಿಲಿನಿಂದ ಕೈಬೀಸಿ ಕರೆಯುತ್ತಿದ್ದ.

"ನಾನು ಕೇಳೇ ಇಲ್ಲ ಅಜ್ಜಾ. ಒಂದು ಸಲಾನೂ ಕೇಳಿಲ್ಲ. ಸುಳ್ಳು ಅಂದುಬಿಟ್ಟಿದ್ದೆ." ಅವಳು ಮುದುಕನ ತೋಳು ಹಿಡಿದುಕೊಂಡಳು. "ನಿಮಗೆ ನೆನಪಿರತ್ತಲ್ಲ, ಹೇಗೆ ಹಾಡ್ತಿದ್ದಳು ಅಂತ? ಸೊಟ್ಟಗಿದ್ರೆ ಸೊಟ್ಟಗೇ. ಆ ಸಾಲು ಒಂದೇ ಒಂದು ಸಲ ಹಾಡಿ ತೋರಿಸಿ."

ಮುದುಕ ಕೊನೆಯ ಬೆಂಚಿನತ್ತ ನೋಡಿದ. ಸವೆದು ನುಣುಪಾದ ಆ ತುದಿಯ ಮೇಲೆ ಬಾಗಿಲಿನ ಬಿಸಿಲು ಬಿದ್ದಿತ್ತು. ಹಿಟ್ಟು ನಾದಿ ನಾದಿ ದಪ್ಪವಾದ ಅವನ ಬೆರಳು ಗಂಟಲ ಬಳಿಯ ಗುಂಡಿಯನ್ನು ಮುಟ್ಟಿ, ಸಡಿಲವಾಗಿಲ್ಲವೆಂದು ನೋಡಿಕೊಂಡಿತು.

"ಇಲ್ಲಮ್ಮ," ಎಂದ. "ಅದು ಅಮ್ಮನ ಸಾಲು. ಅದನ್ನ ನಾನು ಹಾಡಲ್ಲ."